ಫ್ರಾನ್ಸ್ವಾ ಗೀಜೋನ ರಾಜಕೀಯ ಜೀವನದ ಬಗ್ಗೆ ಸೆಮಿನಾರ್ ಪ್ರಬಂಧ ಬರೆಯುವ ಬಗೆ

ಬೆಂಗಳೂರಿನ ಕಾಲೇಜುಗಳಲ್ಲಿ ಯುರೋಪಿನ ಇತಿಹಾಸವನ್ನು ಓದುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿಗಳು ಸೆಮಿನಾರಿಗೆ ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಇತಿಹಾಸಕಾರ ಹಾಗೂ ರಾಜಕಾರಣಿ ಫ್ರಾನ್ಸ್ವಾ ಗೀಜೋನನ್ನು ಆರಿಸಿಕೊಂಡರೆ, ಮೊದಲು ಅವನು ವಹಿಸಿದ ಹುದ್ದೆಗಳನ್ನು ಇಸವಿಯ ಸಮೇತ ಹಾಳೆಯ ಎಡಭಾಗದಲ್ಲಿ ಬರೆದು, ಆ ಹೊತ್ತಿಗೆ ನಿಜವಾದ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದನ್ನು ಬಲಭಾಗದಲ್ಲಿ ಬರೆದುಕೊಳ್ಳಬೇಕು. ಹುದ್ದೆಗಳ ಪಟ್ಟಿಯನ್ನಷ್ಟೇ ನಂಬಿದರೆ ಈ ಮನುಷ್ಯ ಅರ್ಥವಾಗುವುದಿಲ್ಲ. 1847ರ ಸೆಪ್ಟೆಂಬರ್‌ವರೆಗೆ ಪ್ರಧಾನಿ ಎನಿಸಿಕೊಂಡಿದ್ದವನು ಮಾರ್ಷಲ್ ಸೂಲ್ಟ್. ಆದರೆ ಆ ಸಂಪುಟವನ್ನು ನಡೆಸಿದವನು 1840ರ ಅಕ್ಟೋಬರ್ 29ರಂದು ವಿದೇಶಾಂಗ ಸಚಿವನಾದ ಗೀಜೋ.

ಆರಂಭದ ಬದುಕಿಗೆ ಒಂದು ಪ್ಯಾರಾ ಸಾಕು. 1787ರಲ್ಲಿ ನೀಮ್ ನಗರದ ಪ್ರಾಟೆಸ್ಟೆಂಟ್ ಮನೆತನದಲ್ಲಿ ಹುಟ್ಟಿದ್ದು, 1794ರಲ್ಲಿ ತಂದೆ ಗಿಲೋಟಿನ್‌ಗೆ ಬಲಿಯಾದದ್ದು, ಜಿನೀವಾದಲ್ಲಿ ಓದಿದ್ದು, 1812ರಲ್ಲಿ ಪ್ಯಾರಿಸ್ಸಿನಲ್ಲಿ ಇತಿಹಾಸದ ಪ್ರಾಧ್ಯಾಪಕನಾದದ್ದು, 1833ರಲ್ಲಿ ಶಿಕ್ಷಣ ಸಚಿವನಾಗಿ ಪ್ರಾಥಮಿಕ ಶಾಲೆಗಳ ಕಾಯ್ದೆಯನ್ನು ತಂದದ್ದು ಅದರಲ್ಲಿ ಬಂದರಾಯಿತು.

ಹೆಚ್ಚಿನ ಪುಟಗಳನ್ನು 1840ಕ್ಕೆ ಮೀಸಲಿಡಿ. ನನ್ನ ದೃಷ್ಟಿಯಲ್ಲಿ ಅವನ ಇಡೀ ರಾಜತಾಂತ್ರಿಕ ಬದುಕಿನ ತಿರುಳು ಇರುವುದು ಅಲ್ಲಿಯೇ. ಫೆಬ್ರುವರಿಯಲ್ಲಿ ರಾಯಭಾರಿಯಾಗಿ ಅವನು ಲಂಡನ್ನಿಗೆ ಹೋದ. ಜುಲೈ 15ರಂದು ಅದೇ ನಗರದಲ್ಲಿ ಬ್ರಿಟನ್, ರಷ್ಯಾ, ಆಸ್ಟ್ರಿಯಾ ಮತ್ತು ಪ್ರಷ್ಯಾಗಳು ತುರ್ಕಿಯ ಸುಲ್ತಾನನ ವಿರುದ್ಧ ತಿರುಗಿಬಿದ್ದಿದ್ದ ಈಜಿಪ್ಟಿನ ಆಡಳಿತಗಾರ ಮಹಮ್ಮದ್ ಅಲಿಯನ್ನು ಹದ್ದುಬಸ್ತಿನಲ್ಲಿಡಲು ತುರ್ಕಿಯೊಡನೆ ಮಾಡಿಕೊಂಡ ಒಪ್ಪಂದದಿಂದ ಫ್ರಾನ್ಸನ್ನು ಹೊರಗಿಟ್ಟವು. ಪ್ಯಾರಿಸ್ಸಿನಲ್ಲಿ ಪ್ರಧಾನಿ ತಿಯೇರ್ ಯುದ್ಧದ ಮಾತಾಡಿದ. ಯುದ್ಧ ಬೇಡವೆಂದ ಅರಸ ಲೂಯಿ ಫಿಲಿಪ್ ಅವನನ್ನು ಬಿಟ್ಟು ಗೀಜೋನನ್ನು ಕರೆಸಿಕೊಂಡ. ಈ ತಿಂಗಳುಗಳಲ್ಲಿ ಪ್ಯಾರಿಸ್ ಮತ್ತು ಲಂಡನ್ನಿನ ಘಟನೆಗಳನ್ನು ತಾರೀಖಿನ ಪ್ರಕಾರ ಅಕ್ಕಪಕ್ಕ ಇಟ್ಟರೆ, ರಾಯಭಾರಿಯಾಗಿ ತಡೆಯಲಾಗದ ಒಪ್ಪಂದವೇ ಅವನನ್ನು ಸಚಿವ ಪದವಿಗೆ ತಂದ ಬಗೆ ಸ್ಪಷ್ಟವಾಗುತ್ತದೆ. ತುರ್ಕಿಯ ಜಲಸಂಧಿಗಳನ್ನು ವಿದೇಶಿ ಯುದ್ಧನೌಕೆಗಳಿಗೆ ಮುಚ್ಚಿದ 1841ರ ಜಲಸಂಧಿ ಒಪ್ಪಂದದಲ್ಲಿ ಫ್ರಾನ್ಸ್ ಮತ್ತೆ ಉಳಿದ ರಾಷ್ಟ್ರಗಳ ಸಾಲಿಗೆ ಸೇರಿದ್ದನ್ನು ಬಿಡಬೇಡಿ.

ಗೀಜೋನ ಪತನವನ್ನು ಬರೆಯುವಾಗ ಮತದಾನದ ಹಕ್ಕನ್ನು ಮುಂದಿಡಿ. 200 ಫ್ರಾಂಕ್ ನೇರ ತೆರಿಗೆ ಕಟ್ಟುವವರಿಗಷ್ಟೇ ಸಾಮಾನ್ಯವಾಗಿ ಇದ್ದ ಆ ಹಕ್ಕನ್ನು ವಿಸ್ತರಿಸಲು ಅವನು ಒಪ್ಪಲಿಲ್ಲ. 1848ರ ಫೆಬ್ರುವರಿ 22ಕ್ಕೆ ನಿಗದಿಯಾಗಿದ್ದ, ಈ ಹಕ್ಕಿನ ವಿಸ್ತರಣೆಯನ್ನು ಕೇಳುತ್ತಿದ್ದ ವಿರೋಧಿಗಳ ರಾಜಕೀಯ ಔತಣಕೂಟವನ್ನು ಸರ್ಕಾರ ನಿಷೇಧಿಸಿದಾಗ ಜನ ಬೀದಿಗಿಳಿದರು. 23ರಂದು ಗೀಜೋ ಅಧಿಕಾರ ಕಳೆದುಕೊಂಡ, 24ರಂದು ಅರಸನೇ ಸಿಂಹಾಸನ ಬಿಟ್ಟ.

ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಕುಳಿತು ಯುರೋಪಿನ ಸಾಮಾನ್ಯ ಇತಿಹಾಸದಿಂದ ಚೌಕಟ್ಟನ್ನು ಕಟ್ಟಿಕೊಳ್ಳಿ. ಫ್ರೆಂಚ್ ಬಲ್ಲವರು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ಜಾಲತಾಣದಲ್ಲಿ ಮೂಲ ಗ್ರಂಥಗಳನ್ನು ಉಚಿತವಾಗಿ ಓದಬಹುದು. ಅವನ ಎಂಟು ಸಂಪುಟಗಳ ಆತ್ಮಕಥನ ಅಧಿಕಾರ ಹೋದ ಮೇಲೆ, 1858ರಿಂದ ಪ್ರಕಟವಾದದ್ದು. ಆದ್ದರಿಂದ ಜುಲೈ ಒಪ್ಪಂದದ ಕುರಿತು ಅವನು ಹೇಳುವುದನ್ನು ಬ್ರಿಟಿಷ್ ವಿದೇಶಾಂಗ ಸಚಿವ ಪಾಮರ್‌ಸ್ಟನ್‌ನ ಪತ್ರಗಳೊಂದಿಗೆ ಹೋಲಿಸಿ ನೋಡಿಯೇ ಪ್ರಬಂಧಕ್ಕೆ ಸೇರಿಸಿಕೊಳ್ಳಿ.