ಪಾತ್ರದ ಬಾಯಲ್ಲಿ ಅಪ್ಪಣೆ ಬರೆಯುವುದು ಹೇಗೆ?

ನನ್ನ ಮೊದಲ ಕಿರುಚಿತ್ರ ಮಲ್ಪೆಯ ಒಂದು ಮನೆಯ ಕಥೆ. ಅಮ್ಮ ಮಗನಿಗೆ ಫೋನಿನಲ್ಲಿ ‘ಬೇಗ ಮನೆಗೆ ಬಾ’ ಅನ್ನಬೇಕಿತ್ತು. ಎಷ್ಟು ಟೇಕ್ ತೆಗೆದರೂ ಸಪ್ಪೆ. ಕೊನೆಗೆ ಅಮ್ಮನ ಪಾತ್ರ ಮಾಡುತ್ತಿದ್ದವರೇ ‘ನಾವು ಹಾಗೆ ಹೇಳುವುದಿಲ್ಲ ಮಾರಾಯ್ರೆ’ ಅಂದು ಮಾತು ಬದಲಿಸಿದರು: ‘ಗಂಜಿ ಆರ್ತಾ ಉಂಟು.’ ‘ಬಾ’ ಅನ್ನುವ ಪದವೇ ಇಲ್ಲ, ಆದರೂ ಮಗ ಬೈಕ್ ಹತ್ತಿದ.

ಎದುರಿನವರಿಂದ ಏನಾದರೂ ಮಾಡಿಸಲು ಆಡುವ ಮಾತುಗಳನ್ನು ಅಮೆರಿಕದ ತತ್ವಜ್ಞಾನಿ ಜಾನ್ ಸರ್ಲ್ 1975ರಲ್ಲಿ ಒಂದು ಗುಂಪಿಗೆ ಸೇರಿಸಿದರು. ಅಪ್ಪಣೆ, ಕೋರಿಕೆ, ಸಲಹೆ, ಪ್ರಶ್ನೆ ಕೂಡ ಅದರಲ್ಲೇ.

ಬರೆಯುವಾಗ ಮೊದಲು ಕೆಲಸವನ್ನು ನೇರವಾಗಿ ಬರೆಯಿರಿ: ‘ಬಾಗಿಲು ಹಾಕು.’ ಆಮೇಲೆ ಯಾರು ಯಾರಿಗೆ ಹೇಳುತ್ತಿದ್ದಾರೆ ನೋಡಿ. ಸೊಸೆ ಮಾವನಿಗಾದರೆ: ‘ಸೊಳ್ಳೆ ಬರ್ತದೆ ಮಾವ.’ ಸಾಲ ಕೊಟ್ಟವನಾದರೆ: ‘ಬಾಗಿಲು ಹಾಕಿಯೇ ಮಾತಾಡುವ, ಆಗದಾ?’ ಆ ‘ಮಾತಾಡುವ’, ಅಂದರೆ ಮಾತಾಡೋಣ, ಕೇಳಲು ಸ್ನೇಹ, ಒಳಗೆ ಬೆದರಿಕೆ. ನಮ್ಮ ಕಡೆಯ ಈ ‘ವ’ ಚಿನ್ನದಂಥದ್ದು, ಬಿಡಬೇಡಿ.

ಅವಸರ ಇದ್ದಲ್ಲಿ ಸುತ್ತಿಬಳಸುವುದು ಬೇಡ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಹೊರಟ ಸಿಟಿ ಬಸ್ಸಿನ ಕಂಡಕ್ಟರ್ ‘ದಯವಿಟ್ಟು’ ಅನ್ನುತ್ತಾನಾ? ‘ದುಂಬು ಪೋಲೆ, ಮುಂದೆ ಹೋಗಿ!’ ಅಷ್ಟೇ. ಸಂಭಾಷಣೆಯಲ್ಲಿ ‘ದಯವಿಟ್ಟು’ ಕಂಡರೆ ಸುಮ್ನೆ ಹೊಡೆದುಹಾಕಿ. ಅದು ಬೋರ್ಡಿನ ಭಾಷೆ, ಅಲ್ವಾ?

ಇನ್ನು ಉತ್ತರ. ಅದನ್ನು ಮರೆಯುವವರೇ ಜಾಸ್ತಿ. ಮಾವ ಎದ್ದು ಬಾಗಿಲು ಹಾಕಿದರಾ? ಇಲ್ಲ, ಕೂತಲ್ಲಿಂದಲೇ ‘ಸೊಳ್ಳೆಬತ್ತಿ ಉಂಟಲ್ಲ’ ಅಂದರಾ? ಹಾಗಂದರೆ ಮುಂದಿನ ಸೀನ್ ಅಲ್ಲೇ ಶುರು.