ಶಾಲೆಯ ಹಾಜರಿಯಲ್ಲಿ ಇಲ್ಲದ ಮಕ್ಕಳಿಗೆ ಲಸಿಕೆ ಹಾಕಿದ್ದು

15ರಿಂದ 18 ವರ್ಷದ ಮಕ್ಕಳಿಗೆ ಕೋವಿಡ್ ಲಸಿಕೆ ಶುರುವಾಗುತ್ತೆ ಅಂತ ಪ್ರಧಾನಿ ಮೋದಿ ಹೇಳಿದ್ದು 2021ರ ಡಿಸೆಂಬರ್ 25ರ ರಾತ್ರಿ. ಲಸಿಕೆ ಶುರು ಜನವರಿ 3ಕ್ಕೆ. ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಆಗಿದ್ದೆ. ಊರವರಿಗೆ ನಾನು ಸಿಸ್ಟರ್.

ಶಾಲೆಯ ಕೆಲಸ ಅಷ್ಟೇನೂ ಕಷ್ಟವಾಗಲಿಲ್ಲ. ಮಕ್ಕಳಿಗೆ ಕೊವ್ಯಾಕ್ಸಿನ್ ಮಾತ್ರ ಹಾಕಬೇಕಿತ್ತು, ಹಾಗಾಗಿ ಆ ದಿನ ಲಸಿಕೆ ಒಯ್ಯುವ ಕ್ಯಾರಿಯರ್‌ನಲ್ಲಿ ಕೋವಿಶೀಲ್ಡ್ ಬಾಟಲಿ ಇಟ್ಟುಕೊಳ್ಳಲೇ ಇಲ್ಲ, ಗಡಿಬಿಡಿಯಲ್ಲಿ ಕೈ ತಪ್ಪಬಾರದು ಅಲ್ವಾ. ಮೊದಲ ದಿನ ಒಬ್ಬ ಹುಡುಗಿ ಸೂಜಿ ನೋಡಿ ತಲೆ ಸುತ್ತಿ ಕೂತಳು, ಅವಳನ್ನು ನೋಡಿ ಹಿಂದೆ ನಿಂತಿದ್ದ ಇಬ್ಬರೂ ಬೆವರಿದರು. ಮೂವರೂ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಮಾರನೇ ದಿನದಿಂದ ಬಿಸಿಯೂಟ ಆದ ಮೇಲೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಒಬ್ಬೊಬ್ಬರನ್ನೇ ಕರೆದು ಹಾಕಿದೆ. ಮತ್ತೆ ಯಾರೂ ಬೀಳಲಿಲ್ಲ.

ಕಷ್ಟ ಕೊಟ್ಟಿದ್ದು ಹುಟ್ಟಿದ ವರ್ಷ. 2007 ಅಥವಾ ಅದಕ್ಕಿಂತ ಮೊದಲು ಹುಟ್ಟಿದವರಿಗೆ ಮಾತ್ರ ಅಂತ ನಿಯಮ. ಒಂಬತ್ತನೇ ಕ್ಲಾಸು ಅರ್ಧಕ್ಕೆ ಸೀಳಿಹೋಯಿತು. ಒಂದೇ ಬೆಂಚಿನಲ್ಲಿ ಕೂರುವ ಗೆಳತಿಯರಲ್ಲಿ ಒಬ್ಬಳಿಗೆ ಉಂಟು, ಒಬ್ಬಳಿಗೆ ಇಲ್ಲ.

ಸಂಜೆ ಆಶಾ ಅಕ್ಕನ (ಊರಿನ ಆರೋಗ್ಯ ಕಾರ್ಯಕರ್ತೆ) ಮನೆ ಸರ್ವೆ ರಿಜಿಸ್ಟರ್ ಮತ್ತು ಶಾಲೆಯ ಹಾಜರಿ ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆವು. ರಿಜಿಸ್ಟರ್‌ನಲ್ಲಿದ್ದು ಹಾಜರಿಯಲ್ಲಿ ಇಲ್ಲದ ಹೆಸರು ಬರೆದರೆ ಎರಡು ಪುಟ ತುಂಬಿತು. ಲಾಕ್‌ಡೌನ್‌ನಲ್ಲಿ ಶಾಲೆ ಬಿಟ್ಟವರು. ಹತ್ತಿ ಬಿಡಿಸುವ ಹುಡುಗಿಯರು, ಗ್ಯಾರೇಜ್ ಹುಡುಗರು, ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದವರು. ಶಾಲೆಯಲ್ಲಿ ಕ್ಯಾಂಪ್ ಮಾಡಿದರೆ ಮಕ್ಕಳೆಲ್ಲ ಸಿಕ್ಕಂತೆ ಅಂತ ಮೇಲಿನವರು ಅಂದುಕೊಂಡಿದ್ದರು. ಅದು ತಪ್ಪು ಅಂತ ನಾನು ಅವತ್ತೂ ಮೀಟಿಂಗ್‌ನಲ್ಲಿ ಹೇಳಿದೆ, ಈಗಲೂ ಹೇಳುತ್ತೇನೆ. ಗುಂಪಿನಲ್ಲಿ ದುಡಿದು, ಒಂದೇ ಟಂಟಂ ಆಟೊದಲ್ಲಿ ತುಂಬಿಕೊಂಡು ಬರುವ ಈ ಮಕ್ಕಳಿಗೇ ಲಸಿಕೆ ಮೊದಲು ಬೇಕಿತ್ತು.

ಹೊಲದಿಂದ ಅವರು ವಾಪಸ್ ಬರೋದು ಸಂಜೆ ಆರಕ್ಕೆ. ಹಾಗಾಗಿ ನಾವೂ ಆರಕ್ಕೇ ಓಣಿಗೆ ಹೋದೆವು. ಲಸಿಕೆಗೆ ಹೆಸರು ನೋಂದಾಯಿಸುವ ಕೋವಿನ್ ಪೋರ್ಟಲ್‌ನಲ್ಲಿ ಒಂದು ಮೊಬೈಲ್ ನಂಬರಿಗೆ ಆಗ ನಾಲ್ಕೇ ಜನ, ದೊಡ್ಡ ಮನೆಗಳಲ್ಲಿ ಅದು ದೊಡ್ಡವರ ಹೆಸರಿಗೇ ಮುಗಿದುಹೋಗಿತ್ತು. ಪಕ್ಕದ ಮನೆಯವರನ್ನು ಬೇಡಿಕೊಂಡು ಅವರ ನಂಬರ್ ಹಾಕಿದೆವು. ಜನವರಿಯಲ್ಲೇ ಅದನ್ನು ಆರಕ್ಕೆ ಏರಿಸಿದ ಮೇಲೆ ಉಸಿರು ಬಂತು.

ಒಬ್ಬ ಅಜ್ಜಿ ಬಾಗಿಲಿಗೆ ಅಡ್ಡ ನಿಂತರು. "ಹೆಣ್ಣುಡುಗಿ ಐತಿ ಸಿಸ್ಟರ್, ಮುಂದ ಮಕ್ಕಳಾಗೂದಿಲ್ಲಂತ, ಖರೇ ಏನು?" ಇದನ್ನು ಹಾಕಿಸದಿದ್ದರೆ ರೇಷನ್ ನಿಲ್ಲುತ್ತೆ ಅಂತ ಹೆದರಿಸುವವರೂ ಇದ್ದರು. ನಾನು ಒಮ್ಮೆಯೂ ಹಾಗೆ ಹೇಳಲಿಲ್ಲ, ಯಾಕೆಂದರೆ ಲಸಿಕೆ ಕಡ್ಡಾಯ ಆಗಿರಲೇ ಇಲ್ಲ, ಮತ್ತು ಹೆದರಿಸಿದರೆ ನಾಳೆ ಕೂಸಿಗೆ ಪೋಲಿಯೋ ಹನಿ ಹಾಕಲು ಹೋದಾಗಲೂ ಅದೇ ಬಾಗಿಲು ಮುಚ್ಚುತ್ತದೆ. "ಸುಳ್ಳು ಐತಿ ಅವ್ವಾ, ನನ್ನ ಮಗಳಿಗೂ ಹಾಕ್ಸೀನಿ" ಅಂತ ಫೋನಿನಲ್ಲಿದ್ದ ಸರ್ಟಿಫಿಕೇಟ್ ತೋರಿಸಿದೆ. ಅವತ್ತು ಒಪ್ಪಲಿಲ್ಲ. ಮೂರನೇ ಸಲ ಹೋದಾಗ ಅಜ್ಜಿಯೇ ಮೊಮ್ಮಗಳ ತೋಳು ಹಿಡಿದು ಕೂರಿಸಿದರು.

ಮಾರ್ಚ್ 16ಕ್ಕೆ 12 ದಾಟಿದ ಮಕ್ಕಳ ಸರದಿ ಬಂತು, ಅವರಿಗೆ ಕೊರ್ಬೆವ್ಯಾಕ್ಸ್ ಅನ್ನುವ ಬೇರೆ ಲಸಿಕೆ. ಬಾಟಲಿಗೆ 20 ಡೋಸ್, ತೆರೆದ ಮೇಲೆ ನಾಲ್ಕೇ ಗಂಟೆ. ಸಣ್ಣ ತಾಂಡಾದಲ್ಲಿ ಆ ವಯಸ್ಸಿನ 20 ಮಕ್ಕಳು ಎಲ್ಲಿಂದ ಬರಬೇಕು? ಅಕ್ಕಪಕ್ಕದ ಎರಡು ತಾಂಡಾ ಸೇರಿಸಿ, ಮಕ್ಕಳು ಕೂಡಿದ ಮೇಲಷ್ಟೇ ಬಾಟಲಿ ತೆರೆಯುತ್ತಿದ್ದೆವು.

ಎರಡನೇ ಡೋಸ್ 28 ದಿನಕ್ಕೆ. ಅಷ್ಟರಲ್ಲಿ ಗ್ಯಾರೇಜ್ ಹುಡುಗನೊಬ್ಬ ಬೆಂಗಳೂರಿಗೆ ಹೋಗಿಬಿಟ್ಟಿದ್ದ. ಮೊದಲ ಡೋಸ್‌ಗೆ ಕೊಟ್ಟ ಮೊಬೈಲ್ ನಂಬರ್ ಹೇಳಿದರೆ ಅಲ್ಲೇ ಹಾಕುತ್ತಾರೆ ಅಂತ ಮೂರು ಸಲ ಫೋನ್ ಮಾಡಿದೆ. ಒಂದು ಭಾನುವಾರ ವಾಟ್ಸ್‌ಆ್ಯಪ್‌ನಲ್ಲಿ ಸರ್ಟಿಫಿಕೇಟ್ ಬಂತು. ಆಶಾ ಅಕ್ಕ ಆ ಎರಡು ಪುಟ ತೆಗೆದು ಅವನ ಹೆಸರಿನ ಮುಂದೆ ತಾರೀಖು ಬರೆದರು.