ರೇಡಿಯೊದಲ್ಲಿ ಗೊರಗೊರ: ಕರೆಂಟ್ ತಂತಿಯ ಇಂಟರ್ನೆಟ್ ಕಾರಣವೇ? ಪತ್ತೆ ಮಾಡುವುದು ಹೀಗೆ

ಕೊಡಗಿನ ತೋಟದ ಮನೆಗಳಲ್ಲಿ ವೈಫೈ ಎರಡು ಗೋಡೆ ದಾಟುವುದೇ ಕಷ್ಟ. ಮನೆ ಒಂದು ಕಡೆ, ಹೋಂಸ್ಟೇ ಕಾಟೇಜ್ ಇನ್ನೊಂದು ಕಡೆ, ಕಣದ ಪಕ್ಕದ ಆಫೀಸು ಮತ್ತೊಂದು ಕಡೆ. ಹೊಸ ಕೇಬಲ್ ಎಳೆಯುವ ತಲೆನೋವು ಬೇಡ ಅಂತ ಕೆಲವರು ಪವರ್‌ಲೈನ್ ಅಡಾಪ್ಟರ್ ತರಿಸಿಕೊಳ್ಳುತ್ತಾರೆ. ಒಂದನ್ನು ರೂಟರ್ ಹತ್ತಿರದ ಪ್ಲಗ್ಗಿಗೆ, ಇನ್ನೊಂದನ್ನು ಕಾಟೇಜಿನ ಪ್ಲಗ್ಗಿಗೆ ಸಿಕ್ಕಿಸಿದರೆ ಆಯಿತು. ಮನೆಯ ವೈರಿಂಗ್‌ನಲ್ಲೇ ಇಂಟರ್ನೆಟ್ ಹರಿಯುತ್ತದೆ. ಅನುಕೂಲ ಇದೆ, ನಿಜ. ಆದರೆ ಅಂದಿನಿಂದ ಆ ಮನೆಯಲ್ಲಿ, ಕೆಲವೊಮ್ಮೆ ಪಕ್ಕದ ಮನೆಯಲ್ಲೂ, ದೂರದ ಸ್ಟೇಷನ್ ಹಿಡಿಯುವ ಶಾರ್ಟ್‌ವೇವ್ ರೇಡಿಯೊ ಬರೀ ಗೊರಗೊರ ಅನ್ನತೊಡಗುತ್ತದೆ.

ಯಾಕೆ ಹೀಗೆ? ಫೋನಿನ ತಂತಿಗಳನ್ನು ಜೋಡಿಯಾಗಿ ಹೆಣೆದಿರುತ್ತಾರೆ. ಟಿವಿ ಕೇಬಲ್ಲಿಗೆ ಸುತ್ತಲೂ ಲೋಹದ ಜಾಲರಿ ಇರುತ್ತದೆ. ಹಾಗಾಗಿ ಸಿಗ್ನಲ್ ಹೊರಗೆ ಹೋಗುವುದು ಕಡಿಮೆ. ಕರೆಂಟ್ ವೈರಿಂಗ್‌ಗೆ ಈ ಯಾವ ರಕ್ಷಣೆಯೂ ಇಲ್ಲ. ಸ್ವಿಚ್ಚಿಗೆ ಫೇಸ್ ತಂತಿ ಒಂದೇ ಇಳಿಯುತ್ತದೆ, ನ್ಯೂಟ್ರಲ್ ಬೇರೆ ದಾರಿ ಹಿಡಿಯುತ್ತದೆ. ಅಡಾಪ್ಟರ್‌ಗಳು ಮುಖ್ಯವಾಗಿ 2ರಿಂದ 30 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತವೆ. ಶಾರ್ಟ್‌ವೇವ್ ಇರುವುದು 3ರಿಂದ 30ರವರೆಗೆ. ಸ್ಪ್ರಿಂಕ್ಲರ್ ಪೈಪಿನ ಜಾಯಿಂಟ್ ಸೋರಿದ ಹಾಗೆ ಸಿಗ್ನಲ್ ಉದ್ದಕ್ಕೂ ಸೋರುತ್ತದೆ. ಮನೆಯ ವೈರಿಂಗೇ ಏರಿಯಲ್ ಆಗಿಬಿಡುತ್ತದೆ.

ಈಗ ಶಾರ್ಟ್‌ವೇವ್ ಯಾರು ಕೇಳ್ತಾರೆ ಅನ್ನಬಹುದು. 2018ರ ಆಗಸ್ಟ್ ನೆನಪಿಸಿಕೊಳ್ಳಿ. ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದು ಊರುಗಳು ಕಡಿದುಹೋಗಿದ್ದವು. ಟವರಿನ ಬ್ಯಾಟರಿ, ಡೀಸೆಲ್ ಮುಗಿದರೆ ಮೊಬೈಲು ಸುಮ್ನೆ ಕೈಯಲ್ಲಿರುವ ಪೆಟ್ಟಿಗೆ. ಹ್ಯಾಮ್ ರೇಡಿಯೊದವರು, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರು, ಒಂದು ಬ್ಯಾಟರಿ, ಒಂದು ತಂತಿ ಇಟ್ಟುಕೊಂಡು ಶಾರ್ಟ್‌ವೇವ್‌ನಲ್ಲೇ ಬೇರೆ ಜಿಲ್ಲೆಗೆ ಮಾತಾಡಬಲ್ಲರು. ದೂರದಿಂದ ಬರುವ ಅವರ ಸಿಗ್ನಲ್ ಬಹಳ ಸಣ್ಣದು. ಗದ್ದಲದಲ್ಲಿ ಅದು ಮುಳುಗಬಾರದು.

ಹುಡುಕಲು ಬೇಕಾಗಿರುವುದು ಶಾರ್ಟ್‌ವೇವ್ ಇರುವ ಒಂದು ಬ್ಯಾಟರಿ ರೇಡಿಯೊ, ಅಷ್ಟೇ. ಮೊದಲು ಎಫ್‌ಎಂನಲ್ಲಿ ಆಕಾಶವಾಣಿ ಮಡಿಕೇರಿ, 103.1 ಹಾಕಿ. ಆಮೇಲೆ ಮೀಡಿಯಂ ವೇವ್‌ನಲ್ಲಿ ಬೆಂಗಳೂರು, 612 ಕಿಲೋಹರ್ಟ್ಸ್. ಕೊನೆಗೆ ಶಾರ್ಟ್‌ವೇವ್‌ನಲ್ಲಿ 6, 9.5, 12 ಮೆಗಾಹರ್ಟ್ಸ್ ಸುತ್ತಮುತ್ತ. ಎಫ್‌ಎಂ ಚೆನ್ನಾಗಿದ್ದು ಶಾರ್ಟ್‌ವೇವ್ ಮಾತ್ರ ಕೆಟ್ಟಿದ್ದರೆ ಅಡಾಪ್ಟರ್ ಮೇಲೆ ಅನುಮಾನ ಪಡಿ. ಮೀಡಿಯಂ ವೇವ್‌ನಲ್ಲೇ ಗದ್ದಲ ಜಾಸ್ತಿ ಇದ್ದರೆ ಬೇರೆ ಕಡೆ ಹುಡುಕಬೇಕು.

ಇನ್ನು ಸದ್ದನ್ನು ಗಮನವಿಟ್ಟು ಕೇಳಿ. ಇದೇ ಮುಖ್ಯ ಹಂತ, ಇಲ್ಲಿ ಅವಸರ ಬೇಡ. ಯಾರೂ ಇಂಟರ್ನೆಟ್ ಬಳಸದಿದ್ದಾಗಲೂ ಅಡಾಪ್ಟರ್‌ಗಳು ಒಂದಕ್ಕೊಂದು ಗುರುತಿನ ಸಿಗ್ನಲ್ ಕಳಿಸುತ್ತಿರುತ್ತವೆ. ಬಹುಪಾಲು ಅಡಾಪ್ಟರ್‌ಗಳಲ್ಲಿ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಇದು ಸೆಕೆಂಡಿಗೆ 25 ಸಲ. ಕಿವಿಗೆ ಒಂದೇ ಸಮ ಟಿಕಟಿಕ ಕೇಳುತ್ತದೆ. ಕಾಟೇಜಿನಲ್ಲಿ ಯಾರಾದರೂ ವಿಡಿಯೊ ಹಾಕಿದ ತಕ್ಷಣ ಅದು ಜೋರಾದ ಬುಸುಗುಡುವಿಕೆ ಆಗುತ್ತದೆ. ಈಗ ಟ್ಯೂನಿಂಗ್ ನಿಧಾನವಾಗಿ ತಿರುಗಿಸಿ. 7ರಿಂದ 7.2 ಮೆಗಾಹರ್ಟ್ಸ್ ಬಂದಾಗ ಗದ್ದಲ ಇಳಿದು, ದಾಟಿದ ಮೇಲೆ ಮತ್ತೆ ಏರುತ್ತಾ? 14ರಿಂದ 14.35ರಲ್ಲೂ ಹಾಗೇನಾ? ಅವು ಹ್ಯಾಮ್‌ಗಳ ಜಾಗ. ತಯಾರಕರು ಅಲ್ಲಿ ಸಿಗ್ನಲ್ ತಗ್ಗಿಸಿರುತ್ತಾರೆ. ಹೀಗೆ ಅಲ್ಲಲ್ಲಿ ಖಾಲಿ ಬಿಟ್ಟ ಗದ್ದಲ ಸಿಕ್ಕಿತೆಂದರೆ ಬಹುತೇಕ ಅಡಾಪ್ಟರೇ.

ನಮ್ಮಲ್ಲಿ ಇನ್ನೊಂದು ಸದ್ದಿದೆ: ಸುಮಾರು ಸೆಕೆಂಡಿಗೊಮ್ಮೆ ಟಕ್, ಟಕ್. ಅದು ಆನೆ ತಡೆಯಲು ಹಾಕಿದ ಸೋಲಾರ್ ಬೇಲಿ. ತಂತಿಗೆ ಬಳ್ಳಿ, ಹುಲ್ಲು ತಾಗಿದ್ದರೆ ಇನ್ನೂ ಜೋರು. ಬೇಲಿ ಬುಡ ಸವರಿಸಿದರೆ ಇಳಿಯುತ್ತದೆ. ಬಿಡದೆ ಝೇಂಕರಿಸುವುದು ಸಾಮಾನ್ಯವಾಗಿ ಎಲ್‌ಇಡಿ ಬಲ್ಬು, ಚಾರ್ಜರ್. ಒಣಹವೆಯಲ್ಲಿ ಗಾಳಿ ಬೀಸಿದಾಗ ಜರ್ರ್ ಎಂದು, ಮಳೆ ಬಂದಾಗ ನಿಂತರೆ ಕಂಬದ ಮೇಲೆ ಏನೋ ಸಡಿಲವಾಗಿರಬಹುದು. ಮಳೆಯಲ್ಲೇ ಜಾಸ್ತಿಯಾದರೆ ಸಿಲ್ವರ್ ಓಕ್ ಕೊಂಬೆ ಲೈನಿಗೆ ತಾಗುತ್ತಿರಬಹುದು. ದೋಟಿ ಹಿಡಿದು ನೀವೇ ಹೋಗಬೇಡಿ, ಲೈನ್‌ಮನ್ ಕರೆಸಿ.

ಅನುಮಾನ ಬಂದ ಮೇಲೆ ಖಾತ್ರಿ ಮಾಡಿಕೊಳ್ಳಬೇಕಲ್ವಾ? ರೇಡಿಯೊ ಆನ್ ಇಟ್ಟು ಮೇನ್ ಸ್ವಿಚ್ ಆಫ್ ಮಾಡಿ. ಯುಪಿಎಸ್ ಕೂಡ ಆಫ್ ಮಾಡಿ. ಇದನ್ನು ಮರೆತರೆ ಪರೀಕ್ಷೆಯೇ ವ್ಯರ್ಥ, ಯಾಕೆಂದರೆ ರೂಟರ್, ಅಡಾಪ್ಟರ್ ಎರಡೂ ಅದರ ಮೇಲೆ ನಡೆಯುತ್ತಿರಬಹುದು. ಸದ್ದು ನಿಂತರೆ ಮೂಲ ನಿಮ್ಮ ಮನೆಯಲ್ಲೇ ಇದೆ. ಒಂದೊಂದೇ ಎಂಸಿಬಿ ಏರಿಸುತ್ತಾ ಬನ್ನಿ. ಅಡಾಪ್ಟರನ್ನು ಪ್ಲಗ್ಗಿನಿಂದಲೇ ಕೀಳಬೇಕು, ಕಂಪ್ಯೂಟರ್ ಆಫ್ ಮಾಡಿದರೆ ಸಾಲದು.

ಮೇನ್ ಆಫ್ ಆದರೂ ಸದ್ದಿದ್ದರೆ ರೇಡಿಯೊ ಹಿಡಿದು ರಸ್ತೆಗುಂಟ ನಡೆಯಿರಿ. ಯಾವ ಮನೆಯ ಸರ್ವೀಸ್ ವೈರ್ ಹತ್ತಿರ ಜೋರಾಗುತ್ತದೆ ನೋಡಿ. ಆ ಮನೆಯವರ ಮೇಲೆ ತಪ್ಪು ಹೊರಿಸಬೇಡಿ, ಅವರಿಗೆ ಇದು ಗೊತ್ತೇ ಇರುವುದಿಲ್ಲ. ‘ಅಣ್ಣಾ, ಐದು ನಿಮಿಷ ಆ ಅಡಾಪ್ಟರ್ ತೆಗೆದು ನೋಡ್ತೀರಾ?’ ಅಂತ ಕೇಳಿ, ರೇಡಿಯೊ ಅವರ ಕೈಗೇ ಕೊಡಿ. ಸದ್ದು ನಿಂತಿದ್ದನ್ನು ಅವರೇ ಕೇಳಿದರೆ ವಾದವೇ ಇರುವುದಿಲ್ಲ.

ಪರಿಹಾರ ಒಂದೇ, ಅಡಾಪ್ಟರ್ ತೆಗೆದು ಬೇರೆ ತಂತಿ ಎಳೆಯುವುದು. ಚಾರ್ಜರ್ ಗದ್ದಲಕ್ಕೆ ವೈರಿಗೆ ಫೆರೈಟ್ ಕ್ಲಿಪ್ (ಗದ್ದಲ ತಡೆಯಲು ವೈರಿನ ಸುತ್ತ ಕೂರಿಸುವ ಉಂಗುರ) ಹಾಕಿದರೆ ತಗ್ಗುತ್ತದೆ. ಅಡಾಪ್ಟರ್‌ಗೆ ಅದು ನಡೆಯದು, ತಂತಿಗೆ ಸಿಗ್ನಲ್ ಬಿಡುವುದೇ ಅದರ ಕೆಲಸ. ಒಂದೇ ಕಟ್ಟಡದೊಳಗೆ ಈಥರ್ನೆಟ್ ಕೇಬಲ್ ಸಾಕು, 100 ಮೀಟರ್‌ವರೆಗೆ ಹೋಗುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಮಾತ್ರ ಫೈಬರ್ ಎಳೆಸಿ. ಏಪ್ರಿಲ್, ಮೇ ತಿಂಗಳ ನಮ್ಮ ಗುಡುಗು ಸಿಡಿಲಿಗೆ ತಾಮ್ರದ ಉದ್ದ ತಂತಿ ಅಪಾಯ. ಗಾಜಿನ ಎಳೆಯಲ್ಲಿ ಸಿಡಿಲಿನ ಕರೆಂಟ್ ಹರಿಯುವುದಿಲ್ಲ, ರೇಡಿಯೊಗೂ ತೊಂದರೆ ಇಲ್ಲ. ಲೋಹದ ತಂತಿ ಸೇರಿಸದ ಫೈಬರನ್ನೇ ಕೇಳಿ ತನ್ನಿ.

ಊರಿಗೆ ಊರೇ ಕರೆಂಟ್ ಲೈನಿನಲ್ಲಿ ಇಂಟರ್ನೆಟ್ ಕೊಡುವ ಪ್ರಯತ್ನವೂ ನಡೆದಿತ್ತು. ಅಮೆರಿಕದಲ್ಲಿ 2004ರಲ್ಲಿ ಇದಕ್ಕೆ ನಿಯಮಗಳು ಬಂದವು. ವರ್ಜೀನಿಯಾದ ಮನಾಸಸ್ ನಗರ ಈ ಸೇವೆ ಕೊಟ್ಟಿತು, ಹ್ಯಾಮ್‌ಗಳು ಗದ್ದಲದ ಬಗ್ಗೆ ದೂರು ಕೊಡುತ್ತಲೇ ಇದ್ದರು. 2010ರಲ್ಲಿ ನಗರ ಆ ಸೇವೆ ನಿಲ್ಲಿಸಿತು.

ನಿಮ್ಮ ಬಳಿ ಹ್ಯಾಮ್ ಲೈಸೆನ್ಸ್ ಇದ್ದು, ನೆರೆಯವರೊಂದಿಗೆ ಮಾತಾಡಿಯೂ ಬಗೆಹರಿಯದಿದ್ದರೆ ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಮಾನಿಟರಿಂಗ್ ಆರ್ಗನೈಸೇಷನ್‌ಗೆ ದೂರು ಕೊಡಬಹುದು. ದಿನ, ಹೊತ್ತು, ಫ್ರೀಕ್ವೆನ್ಸಿ ಬರೆದಿಡಿ. ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಮೇನ್ ಆಫ್ ಮಾಡುವ ಮೊದಲು ಒಂದು, ಮಾಡಿದ ಮೇಲೆ ಒಂದು.